ಹಿಂದಿನ ಸೀಟಿನವಳ ಬೆನ್ನುನೋವು

ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಯಾವ ಮೊಹಲ್ಲಾಕ್ಕೆ ಹೋಗಿ ನೋಡಿದರೂ ನಮ್ಮಂಥವರ ಮನೆ ಮುಂದೆ ನಿಂತಿರುವುದು ಬೈಕೇ. ಶಾಲೆಗೆ, ಆಸ್ಪತ್ರೆಗೆ, ರಸೆಲ್ ಮಾರ್ಕೆಟಿಗೆ, ಊರಿನಲ್ಲಿರುವ ತಂದೆ ತಾಯಿಯರನ್ನು ನೋಡಲು, ಎಲ್ಲದಕ್ಕೂ ಅದೊಂದೇ ಗಾಡಿ. ಅದನ್ನು ಕೊಳ್ಳುವಾಗ ಮೈಲೇಜ್ ಎಷ್ಟು, ಕಂತು ಎಷ್ಟು, ಬಣ್ಣ ಯಾವುದು ಎಂದು ಮನೆಮಂದಿಯೆಲ್ಲ ಸೇರಿ ಚರ್ಚಿಸುತ್ತಾರೆ. ಹಿಂದೆ ಕೂರುವವಳಿಗೆ ಆ ಸೀಟು ಹಿತವಾಗಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆಕೆಯೂ ಹೇಳುವುದಿಲ್ಲ. ಕರೆದುಕೊಂಡು ಹೋಗುವುದೇ ದೊಡ್ಡದು, ಅದರಲ್ಲಿ ದೂರು ಬೇರೆಯೇ ಎಂಬ ಸಂಕೋಚ ನಮ್ಮ ಹೆಣ್ಣುಮಕ್ಕಳಲ್ಲಿ ಬೇರೂರಿಬಿಟ್ಟಿದೆ.

ನಾನು ಹಲಸೂರಿನ ಕಡೆಯ ಒಂದು ಶಾಲೆಯಲ್ಲಿ ಶಿಕ್ಷಕಿ. ಅಮ್ಮಿ ಇರುವುದು ಮುಳಬಾಗಿಲಿನಿಂದ ಒಳಗಿನ ಹಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ. ಹಳೆ ಮದ್ರಾಸ್ ರಸ್ತೆ ಹಿಡಿದು ಇಂದಿರಾನಗರ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗು ಸೇತುವೆ, ಹೊಸಕೋಟೆ, ಕೋಲಾರ ದಾಟಿ ಹೋದರೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಮ್ಮಿಗೆ ಪಾರ್ಶ್ವವಾಯು ಆದ ಮೇಲೆ ಹದಿನೈದು ದಿನಕ್ಕೊಮ್ಮೆ ಇವರು ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾರೆ. “ಹೆಂಗಸರಿಗೆ ಬಸ್ಸು ಫ್ರೀ ಇದೆಯಲ್ಲ ಆಪಾ, ಯಾಕೆ ಒದ್ದಾಡುತ್ತೀರಿ?” ಎಂದು ಜೊತೆಯ ಟೀಚರೊಬ್ಬರು ಕೇಳಿದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನಾನೂ ಎಷ್ಟೋ ಕಡೆ ಬಸ್ಸಿನಲ್ಲೇ ಓಡಾಡಿದ್ದೇನೆ. ಆದರೆ ಮುಳಬಾಗಿಲಿನಲ್ಲಿ ಇಳಿದ ಮೇಲೆ ಹಳ್ಳಿಗೆ ಹೋಗುವ ಬಸ್ಸು ಬೆರಳೆಣಿಕೆಯಷ್ಟು. ಭಾನುವಾರ ಹೋಗಿ ಅದೇ ರಾತ್ರಿ ಮರಳಬೇಕಾದವರಿಗೆ ಬೈಕೇ ಗತಿ.

ಒಂದು ಸಲ ಊರು ಮುಟ್ಟಿದಾಗ ನನ್ನ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲಾಗಲಿಲ್ಲ. ಅಮ್ಮಿಯ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಅರ್ಧ ಗಂಟೆ ಮಲಗಿದೆ. ಅಮ್ಮಿಗೆ ಮಾತು ಸ್ಪಷ್ಟವಿಲ್ಲ. ಆದರೂ ತೊದಲುತ್ತಾ, “ಇಷ್ಟು ಕಷ್ಟಪಟ್ಟು ಬರಬೇಡ ಬೇಟಿ, ಫೋನ್ ಮಾಡು ಸಾಕು” ಎಂದರು. ನೋವಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಒಂದು ಸೀಟಿನ ಕಾರಣಕ್ಕೆ ತಾಯಿಯನ್ನು ನೋಡುವುದು ತಪ್ಪಬೇಕೇ? ಅಂದಿನಿಂದ ಈ ವಿಷಯದಲ್ಲಿ ತಿಳಿದವರನ್ನೆಲ್ಲ ವಿಚಾರಿಸತೊಡಗಿದೆ.

ಮೊದಲು ವೈದ್ಯರ ಬಳಿ ಹೋದೆ. ಮೂಳೆಗೇನೂ ಆಗಿಲ್ಲ, ಸ್ನಾಯುಗಳು ಬಿಗಿದುಕೊಂಡಿವೆ ಎಂದರು. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕೂತರೆ ಒತ್ತಡ ಬಿದ್ದ ಜಾಗದಲ್ಲಿ ರಕ್ತಸಂಚಾರ ಕಡಿಮೆಯಾಗುತ್ತದೆ, ಮರಗಟ್ಟುವುದು, ಉರಿಯುವುದು ಅದಕ್ಕೇ. ನಮ್ಮ ಪೃಷ್ಠದಲ್ಲಿ ಕೂರಲೆಂದೇ ಎರಡು ಮೂಳೆಗಳಿವೆ. ಗಟ್ಟಿ ಬೆಂಚಿನ ಮೇಲೆ ಕೂತಾಗ ಅವು ತಾಗುವುದು ಗೊತ್ತಾಗುತ್ತದೆ. ನೆಟ್ಟಗೆ ಕೂತರೆ ಭಾರ ಅವುಗಳ ಮೇಲೆ ಬೀಳುತ್ತದೆ. ಬೆನ್ನು ಬಾಗಿಸಿ ಜಾರಿ ಕೂತರೆ ಗುಂಡಿಯ ಪೆಟ್ಟೆಲ್ಲ ಬಾಲಮೂಳೆಗೂ ನಡುವಿಗೂ ಬಡಿಯುತ್ತದೆ. ಎರಡೂ ಕಾಲು ಒಂದೇ ಕಡೆ ಹಾಕಿ ಅಡ್ಡ ಕೂತರಂತೂ ಸೊಂಟ ಒಂದು ದಿಕ್ಕಿಗೆ, ಮುಖ ಒಂದು ದಿಕ್ಕಿಗೆ. ಎರಡೂವರೆ ಗಂಟೆ ಹಾಗೆ ತಿರುಚಿಕೊಂಡ ಬೆನ್ನು ನೋಯದೆ ಇನ್ನೇನಾದೀತು?

ಭಾರ ಹಂಚುವ ಈ ಲೆಕ್ಕ ನಮ್ಮ ಕಂಟೋನ್ಮೆಂಟಿಗೆ ಹೊಸದೇನಲ್ಲ. 1809ರಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಹುಟ್ಟಿದ ಪ್ರದೇಶವಿದು. ಈಗಿನ ಕಾಮರಾಜ ರಸ್ತೆಯ ಹಳೆಯ ಹೆಸರು ಕ್ಯಾವಲ್ರಿ ರೋಡ್, ಅಂದರೆ ಕುದುರೆ ಸವಾರರ ರಸ್ತೆ. ಕುದುರೆಯ ಜೀನು ಸವಾರನ ಭಾರವನ್ನು ಅದರ ಬೆನ್ನುಮೂಳೆಯ ಮೇಲೆ ಬಿಡದೆ ಎರಡು ಪಕ್ಕಗಳಿಗೆ ಹಂಚುತ್ತದೆ. ಕಾಲಿಡುವ ರಕಾಬು ಸವಾರನ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಬೈಕಿನಲ್ಲಿ ಜೀನಿನ ಜಾಗದಲ್ಲಿ ಸೀಟಿದೆ, ರಕಾಬಿನ ಜಾಗದಲ್ಲಿ ಫುಟ್‌ರೆಸ್ಟ್ ಇದೆ.

ಅಬ್ಬಾ ಅವರ ಕಾಲದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಗಾಡಿಗಳು ಓಡಾಡುತ್ತಿದ್ದವು. ಅವುಗಳದ್ದು ಉದ್ದನೆಯ, ಸಮತಟ್ಟಾದ ಸೀಟು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಈಚಿನ ಅನೇಕ ಬೈಕುಗಳಲ್ಲಿ ಹಿಂದಿನ ಸೀಟು ಎತ್ತರ, ಕಿರಿದು, ಮೇಲಾಗಿ ಮುಂದಕ್ಕೆ ಇಳಿಜಾರು. ಬ್ರೇಕ್ ಹಾಕಿದಾಗಲೆಲ್ಲ ಹಿಂದಿನವಳು ಜಾರಿ ಮುಂದಿನವರ ಮೇಲೆ ಬೀಳುತ್ತಾಳೆ. ಮತ್ತೆ ಹಿಂದೆ ಸರಿಯುವುದರಲ್ಲೇ ಅವಳ ಶಕ್ತಿ ಮುಗಿಯುತ್ತದೆ.

ಶಿವಾಜಿನಗರದ ಗಲ್ಲಿಯೊಂದರಲ್ಲಿ ಗಾಡಿ ಸೀಟು ಹೊಲಿಯುವ ಚಾಚಾ ಒಬ್ಬರಿದ್ದಾರೆ. ಇನ್ನೂ ಮೆತ್ತಗಿನ ಸ್ಪಂಜು ಹಾಕಿಸೋಣವೆಂದು ಇವರು ಹೇಳಿದಾಗ ಚಾಚಾ ನಕ್ಕರು. “ಮೆತ್ತಗಿನದು ಅಂಗಡಿಯಲ್ಲಿ ಕೂತಾಗ ಮಜಾ ಕೊಡುತ್ತೆ ಬೇಟಾ. ಹೊಸಕೋಟೆ ದಾಟೋದ್ರೊಳಗೆ ಅಮುಕಿಹೋಗಿ ಕೆಳಗಿನ ತಗಡು ತಾಗುತ್ತೆ” ಎಂದರು. ರೆಕ್ಸಿನ್ ಬಿಚ್ಚಿ, ಇಳಿಜಾರನ್ನು ಸಮ ಮಾಡಿ, ಅಡಿಯಲ್ಲಿ ಗಟ್ಟಿ ಫೋಮು, ಮೇಲೆ ತೆಳ್ಳನೆಯ ಮೆದು ಪದರ ಕೊಟ್ಟರು. ತೊಡೆಗೆ ಒತ್ತದಂತೆ ಅಂಚನ್ನು ಉರುಟಾಗಿಸಿದರು. ನುಣುಪಾದ ರೆಕ್ಸಿನ್ ಬದಲು ತರಿತರಿಯಾದದ್ದನ್ನು ಹೊದಿಸಿದರು. ಎತ್ತರ ಮಾತ್ರ ಹೆಚ್ಚಿಸಲಿಲ್ಲ. ಹಿಂದಿನವರು ತೀರಾ ಎತ್ತರದಲ್ಲಿದ್ದರೆ ಓಡಿಸುವವರ ಹಿಡಿತ ತಪ್ಪುತ್ತದೆಯಂತೆ. ಸೀಟು ಬಿಚ್ಚಿಸಲು ಇಷ್ಟವಿಲ್ಲದವರು ಗಾಳಿ ತುಂಬುವ ದಿಂಬನ್ನು ಸೀಟಿಗೆ ಬಿಗಿಯಾಗಿ ಕಟ್ಟಿಕೊಳ್ಳಬಹುದು. ಅದರಲ್ಲಿ ಗಾಳಿ ಸ್ವಲ್ಪವೇ ಇರಬೇಕು. ತುಂಬ ಊದಿದರೆ ಚೆಂಡಿನ ಮೇಲೆ ಕೂತಂತಾಗುತ್ತದೆ.

ಇನ್ನೆರಡು ಕೆಲಸಗಳನ್ನು ಮೆಕ್ಯಾನಿಕ್ ಮಾಡಿಕೊಟ್ಟರು. ಇಬ್ಬರು ಕೂರುವಾಗ ಹಿಂದಿನ ಟೈರಿಗೆ ಎಷ್ಟು ಗಾಳಿ ಬೇಕೆಂದು ಗಾಡಿಯ ಪುಸ್ತಕದಲ್ಲೇ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ತುಂಬಿದರೆ ಪ್ರತಿ ಕಲ್ಲೂ ಸೊಂಟಕ್ಕೆ ಗೊತ್ತಾಗುತ್ತದೆ. ಅನೇಕ ಬೈಕುಗಳ ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಸ್ಪ್ರಿಂಗನ್ನು ಬಿಗಿ ಮಾಡುವ, ಸಡಿಲಿಸುವ ಹಂತಗಳಿವೆ. ಇಬ್ಬರ ಭಾರಕ್ಕೆ ತಕ್ಕಂತೆ ಅದನ್ನು ಹೊಂದಿಸಿದರೆ ಗುಂಡಿಯಲ್ಲಿ ಗಾಡಿ ಧಡ್ಡೆಂದು ಕೂರುವುದಿಲ್ಲ.

ಈಗ ಕೂರುವ ರೀತಿಗೆ ಬರೋಣ. ದೂರದ ದಾರಿಗೆ ಎರಡೂ ಕಡೆ ಕಾಲು ಹಾಕಿ ಕೂರುವುದೇ ಬೆನ್ನಿಗೂ ಜೀವಕ್ಕೂ ಒಳ್ಳೆಯದು. “ಬುರ್ಖಾದಲ್ಲಿ ಹೇಗೆ?” ಎಂದು ಕೇಳುವ ಸಹೋದರಿಯರಿದ್ದಾರೆ. ಕೆಳಗೆ ಸಾಕಷ್ಟು ಅಗಲವಾದ ಬುರ್ಖಾ, ಒಳಗೆ ದಪ್ಪ ಹೊಲಿಗೆಯಿಲ್ಲದ ಹತ್ತಿಯ ಸಲ್ವಾರ್ ಇದ್ದರೆ ಮೈ ಮುಚ್ಚಿಕೊಂಡೇ ಆರಾಮವಾಗಿ ಕೂರಬಹುದು. ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ, ದುಪಟ್ಟಾದ ಎರಡೂ ತುದಿಗೆ ಪಿನ್ ಹಾಕಿ. ಹಾರಾಡುವ ಬಟ್ಟೆ ಚಕ್ರಕ್ಕೋ ಚೈನಿಗೋ ಸಿಕ್ಕಿ ಪ್ರಾಣವೇ ಹೋದ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟ್, ಬಟ್ಟೆ ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಸೀರೆ ಗಾರ್ಡ್ ಎಂದು ನಾವು ಕರೆಯುವುದು ಅದನ್ನೇ. ಚೆಂದ ಕಾಣುವುದಿಲ್ಲವೆಂದು ಹುಡುಗರು ಅದನ್ನು ಬಿಚ್ಚಿಸಲು ಹೊರಟರೆ ತಾಯಂದಿರು ತಡೆಯಬೇಕು. ಹೆಲ್ಮೆಟ್ ಕೂಡ ಹಾಗೆಯೇ. 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯ. ಅಳತೆಗೆ ಸರಿಯಾಗಿರುವುದನ್ನು ಕೊಂಡರೆ ಕುತ್ತಿಗೆ ನೋಯುವುದಿಲ್ಲ.

ಅಡ್ಡ ಕೂರದೆ ಬೇರೆ ದಾರಿಯಿಲ್ಲದ ಹಿರಿಯರಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಇಳಿಸಿ. ಉಳಿದವರೂ ಮುಕ್ಕಾಲು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ನೋವು ಬರುವ ಮೊದಲೇ ಇಳಿಯುವುದು ಜಾಣತನ; ಬಂದ ಮೇಲೆ ಅದು ಬೇಗ ಬಿಡುವುದಿಲ್ಲ. ನಡುವೆ ಆಗಾಗ ಪಾದಗಳನ್ನು ಒತ್ತಿ ಕೊಂಚ ಮೇಲೆದ್ದು ಕೂತರೂ ರಕ್ತ ಹರಿಯುತ್ತದೆ. ಭಾರದ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳಬೇಡಿ, ಅದರ ತೂಕವೆಲ್ಲ ಸೊಂಟಕ್ಕೆ. ಗಾಡಿಯ ಪಕ್ಕಕ್ಕೆ ಕಟ್ಟಿಸಿ.

ಹೆಣ್ಣುಮಕ್ಕಳು ದಾರಿಯಲ್ಲಿ ಶೌಚಾಲಯಕ್ಕೆ ಹೆದರಿ ನೀರೇ ಕುಡಿಯುವುದಿಲ್ಲ. ಬಿಸಿಲಿನಲ್ಲಿ ಮೈ ಒಣಗಿದರೆ ತಲೆನೋವು, ಆಯಾಸ. ಮೂತ್ರ ತಡೆದರೆ ಸೋಂಕು. ಪೆಟ್ರೋಲ್ ಹಾಕಿಸುವಾಗ ಬಂಕಿನ ಶೌಚಾಲಯ ಎಲ್ಲಿದೆ ಎಂದು ಕೇಳಲು ನಾಚಿಕೆ ಬೇಡ. ಗರ್ಭಿಣಿಯರು, ಮೂಲವ್ಯಾಧಿ ಅಥವಾ ಬೆನ್ನಿನ ತೊಂದರೆಯಿರುವವರು ವೈದ್ಯರನ್ನು ಕೇಳದೆ ದೂರದ ಪ್ರಯಾಣಕ್ಕೆ ಹೊರಡಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವಿಷಯ ಉಳಿಯುತ್ತದೆ. ಅದು ಮಾತು. ಓಡಿಸುವವರ ಕೈಯಲ್ಲಿ ಹ್ಯಾಂಡಲ್ ಇರುತ್ತದೆ, ಕಣ್ಣೆದುರು ರಸ್ತೆ ಇರುತ್ತದೆ. ಗುಂಡಿ ಬರುವುದು ಅವರ ಮೈಗೆ ಮೊದಲೇ ಗೊತ್ತು. ಹಿಂದಿನವಳಿಗೆ ಅದು ಬಂದ ಮೇಲೆ ಗೊತ್ತಾಗುತ್ತದೆ. ಈಗ ಇವರು ಹಂಪ್ ಕಂಡ ಕೂಡಲೇ “ಹಂಪ್” ಎಂದು ಕೂಗುತ್ತಾರೆ, ನಾನು ಫುಟ್‌ರೆಸ್ಟ್ ಮೇಲೆ ಕಾಲು ಊರಿ ಅರೆ ಏಳುತ್ತೇನೆ. ಸೊಂಟ ಬಿಗಿಯತೊಡಗಿದರೆ ಭುಜಕ್ಕೆ ಎರಡು ಸಲ ತಟ್ಟುತ್ತೇನೆ, ನೆರಳಿರುವ ಕಡೆ ನಿಲ್ಲಿಸುತ್ತಾರೆ. “ಮುಂದೆ ಕೂತವನಿಗೆ ಹಿಂದಿನದು ಕಾಣುವುದಿಲ್ಲ, ನೀನೇ ಹೇಳಬೇಕು” ಎಂದು ಇವರೇ ಹೇಳಿದ್ದು. ಊರು ಮುಟ್ಟುವುದು ಮೊದಲಿಗಿಂತ ಅರ್ಧ ಗಂಟೆ ತಡ. ಆದರೆ ಆ ಅರ್ಧ ಗಂಟೆ ಚಾಪೆಯ ಮೇಲೆ ಹೋಗುತ್ತಿಲ್ಲ. ಹೋದ ತಕ್ಷಣ ಅಮ್ಮಿಗೆ ಗಂಜಿ ಕುಡಿಸಿ, ತಲೆ ಬಾಚಲು ಕೂರುತ್ತೇನೆ. ಬರಬೇಡ ಎಂಬ ಮಾತನ್ನು ಅವರು ಮತ್ತೆ ಆಡಿಲ್ಲ. ಹೊರಡುವಾಗ ಮುಂದಿನ ಸಲ ಯಾವಾಗ ಎಂದು ಕೇಳುತ್ತಾರೆ.

ಸಹೋದರಿಯರೇ, ಸಹನೆ ದೊಡ್ಡ ಗುಣ, ನಿಜ. ಆದರೆ ಎರಡು ಮಾತಿನಲ್ಲಿ, ಒಂದಿಷ್ಟು ಫೋಮಿನಲ್ಲಿ ಸರಿಹೋಗುವ ನೋವನ್ನು ಮುಚ್ಚಿಟ್ಟುಕೊಳ್ಳುವುದಕ್ಕೆ ಸಹನೆಯ ಹೆಸರು ಬೇಡ. ಮುಂದಿನ ಸಲ ಮನೆಯವರೊಂದಿಗೆ ದೂರ ಹೊರಡುವ ಮುನ್ನ ದುಪಟ್ಟಾಕ್ಕೆ ಪಿನ್ ಹಾಕಿಕೊಳ್ಳಿ, ವಾಹನವೇರುವ ದುಆ ಓದಿಕೊಳ್ಳಿ, ಎಲ್ಲೆಲ್ಲಿ ನಿಲ್ಲಬೇಕೆಂದು ಬಾಗಿಲಲ್ಲೇ ಹೇಳಿಬಿಡಿ.