ಮೀಸೆಯವನೂ ಮುಳ್ಳುಹಂದಿಯೂ

ಜಪಾನಿಗೆ ಹೋಗಿಬಂದವರು ಫ್ಯೂಜಿ ಪರ್ವತವನ್ನೂ ಬುದ್ಧನ ಗುಡಿಗಳನ್ನೂ ವರ್ಣಿಸುವುದು ವಾಡಿಕೆ. ಅವನ್ನು ನಾವೂ ಕಂಡೆವು. ಆದರೆ ಈ ಬಾರಿ ಓದುಗರಿಗೆ ಹೇಳಹೊರಟಿರುವುದು ಬೇರೊಂದು ಯಾತ್ರೆಯ ಸಂಗತಿ. ಎಪ್ಪತ್ತರ ಅಂಚಿನಲ್ಲಿರುವ ನಾವೂ ನಮ್ಮ ಮನೆಯವರೂ 2025ರ ಏಪ್ರಿಲಿನಲ್ಲಿ ವಿಡಿಯೋ ಆಟದ ಕಂಪನಿಯೊಂದರ ವಸ್ತುಸಂಗ್ರಹಾಲಯ ನೋಡಲು ಹೋದೆವೆಂದರೆ ನಗುವವರು ಧಾರಾಳವಾಗಿ ನಗಬಹುದು. ಅದಕ್ಕೆ ಕಾರಣವುಂಟು.

ನಮಗೆ ಇಬ್ಬರು ಗಂಡುಮಕ್ಕಳು. 1994ರಲ್ಲಿ ನಾವು ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿದ್ದಾಗ ದೊಡ್ಡವನಿಗೆ ಹನ್ನೆರಡು, ಚಿಕ್ಕವನಿಗೆ ಒಂಬತ್ತು. ದೊಡ್ಡವನಿಗೆ ಲ್ಯಾಮಿಂಗ್ಟನ್ ರಸ್ತೆಯಿಂದ ಒಂದು 'ಟಿವಿ ಗೇಮ್' ತಂದುಕೊಟ್ಟಿದ್ದೆವು. ಅದು ನಿಂಟೆಂಡೋದವರ ಯಂತ್ರದ ನಕಲೆಂಬುದು ಆಗ ನಮಗೆ ತಿಳಿಯದು. ಚಿಕ್ಕವನಿಗೆ ದುಬೈಯಲ್ಲಿದ್ದ ಸೋದರಮಾವ ಸೇಗಾ ಕಂಪನಿಯ ಮೆಗಾ ಡ್ರೈವ್ ತಂದುಕೊಟ್ಟರು. ಮನೆಯಲ್ಲಿದ್ದ ಟಿವಿ ಒಂದೇ. ಒಬ್ಬನದು ಕೆಂಪು ಟೊಪ್ಪಿಗೆಯ ಮೀಸೆಯವನಾದ ಮಾರಿಯೋನ ಪಕ್ಷ, ಇನ್ನೊಬ್ಬನದು ಸೋನಿಕ್ ಎಂಬ ನೀಲಿ ಹೆಜ್‌ಹಾಗಿನ ಪಕ್ಷ. (ಹೆಜ್‌ಹಾಗ್ ಬೇರೆ ಪ್ರಾಣಿಯಂತೆ, ನಮ್ಮ ಮನೆಯಲ್ಲಿ ಮುಳ್ಳುಹಂದಿಯೆಂದೇ ಕರೆದು ರೂಢಿ.) ಜಗಳ ತೀರಿಸುವುದಕ್ಕೆ ಅವರ ತಾಯಿ ಒಂದು ನೂರು ಪುಟದ ನೋಟುಬುಕ್ಕು ಕೊಟ್ಟು, "ಇಬ್ಬರೂ ಕೂಡಿ ಒಂದ ಕಥಿ ಬರೀರಿ" ಎಂದಳು. ಬರೆದರು. ಮಾರಿಯೋ ಮತ್ತು ಸೋನಿಕ್ ಜೊತೆಯಾಗಿ ಕಲ್ಯಾಣ ಲೋಕಲ್ ಹತ್ತಿ ರಾಕ್ಷಸನನ್ನು ಹುಡುಕುವ ಚಿತ್ರಕಥೆ ಅದು. ಕೊನೆಯ ಓಟದಲ್ಲಿ ಯಾರು ಗೆಲ್ಲಬೇಕೆಂಬುದು ಇತ್ಯರ್ಥವಾಗದೆ ಕಡೆಯ ಪುಟ ಖಾಲಿ ಉಳಿಯಿತು.

ಈಗ ದೊಡ್ಡವ ಪುಣೆಯಲ್ಲಿದ್ದಾನೆ, ಚಿಕ್ಕವ ಟೋಕಿಯೋದಲ್ಲಿ. ಧಾರವಾಡದ ಮಾಳಮಡ್ಡಿಯ ಹಿರಿಯರ ಮನೆಯನ್ನು ಮಾರುವ ಕಾಲಕ್ಕೆ, 2020ರಲ್ಲಿ, ಇಬ್ಬರಿಗೂ ಮಾತು ನಿಂತಿತು. ತಪ್ಪು ಯಾರದೆಂದು ಇಲ್ಲಿ ಬರೆಯುವುದು ಉಚಿತವಲ್ಲ, ನಮ್ಮದೂ ಸ್ವಲ್ಪ ಇದ್ದಿತು. ಹೊರಡುವ ಮುನ್ನ ನಮ್ಮ ಮನೆಯವರು ಉಪ್ಪಿನಕಾಯಿಯ ಡಬ್ಬಿಯ ಪಕ್ಕದಲ್ಲಿ ಆ ನೋಟುಬುಕ್ಕನ್ನೂ ಚೀಲಕ್ಕೆ ಸೇರಿಸಿದ್ದರು. ನಮಗೆ ಹೇಳಿರಲಿಲ್ಲ.

ಸಂಗ್ರಹಾಲಯವಿರುವುದು ಕ್ಯೋಟೋದ ದಕ್ಷಿಣಕ್ಕಿರುವ ಉಜಿ ಪಟ್ಟಣದಲ್ಲಿ. ಚಹಕ್ಕೂ, 1052ರಲ್ಲಿ ಸ್ಥಾಪಿಸಿದ ಬ್ಯೋಡೋಯಿನ್ ಮಂದಿರಕ್ಕೂ ಹೆಸರಾದ ಊರು ಅದು. ಒಗುರಾ ನಿಲ್ದಾಣದಲ್ಲಿಳಿದು, ಸೈಕಲ್ಲುಗಳು ಸಾಲಾಗಿ ನಿಂತ ಸಾಧಾರಣ ಬೀದಿಗಳಲ್ಲಿ ನಾಲ್ಕು ಹೆಜ್ಜೆ ನಡೆದರೆ ಬೂದುಬಣ್ಣದ ಹಳೆಯ ಕಾರ್ಖಾನೆ ಎದುರಾಗುತ್ತದೆ. 1969ರಲ್ಲಿ ಕಟ್ಟಿದ ಈ ಕಾರ್ಖಾನೆಯಲ್ಲಿ ಮೊದಲು ಇಸ್ಪೀಟು ಎಲೆಗಳನ್ನು ಮಾಡುತ್ತಿದ್ದರು, ಮುಂದೆ ಕೆಟ್ಟ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದರು. 2024ರ ಅಕ್ಟೋಬರ್ 2ರಿಂದ ಅದೇ ಸಂಗ್ರಹಾಲಯ. ಟಿಕೇಟು ಬಾಗಿಲಲ್ಲಿ ಸಿಕ್ಕುವುದಿಲ್ಲ. ತಿಂಗಳುಗಟ್ಟಲೆ ಮುಂಚೆ ಹೆಸರು ಕೊಟ್ಟು, ಚೀಟಿ ಎತ್ತಿದಾಗ ಬಂದರೆ ಬಂತು. ಚಿಕ್ಕವ ಜನವರಿಯಲ್ಲೇ ಹೆಸರು ಕೊಟ್ಟಿದ್ದ.

ಇಸ್ಪೀಟು ಎಂದೆವಲ್ಲ, ನಿಂಟೆಂಡೋದ ಮೂಲವೇ ಅದು. ಫುಸಾಜಿರೋ ಯಾಮಾಉಚಿ ಎಂಬವರು 1889ರಲ್ಲಿ ಕ್ಯೋಟೋದಲ್ಲಿ 'ಹನಾಫುದಾ' ಎಂಬ ಹೂವಿನ ಎಲೆಗಳನ್ನು ಮಾಡಿ ಮಾರತೊಡಗಿದರು. ಹನ್ನೆರಡು ತಿಂಗಳು, ತಿಂಗಳಿಗೆ ನಾಲ್ಕರಂತೆ ನಲವತ್ತೆಂಟು ಎಲೆ. ನಮ್ಮ ಮೈಸೂರಿನ ಗಂಜೀಫಾ ಕಂಡವರಿಗೆ ಇದರ ಸೊಗಸು ಕೂಡಲೇ ಹಿಡಿಸುತ್ತದೆ. ಅವರ ಮರಿಮಗ ಹಿರೋಷಿ ಯಾಮಾಉಚಿ 1949ರಿಂದ 2002ರವರೆಗೆ ಯಜಮಾನಿಕೆ ನಡೆಸಿದರು. ಮೇಲಂತಸ್ತಿನಲ್ಲಿ ಆ ಕಾಲದ ಸರಕುಗಳನ್ನೆಲ್ಲ ಜೋಡಿಸಿಟ್ಟಿದ್ದಾರೆ. ಮಗುವಿನ ತಳ್ಳುಗಾಡಿಯೂ ಉಂಟು, ಕಾಗದ ನಕಲು ಮಾಡುವ ಯಂತ್ರವೂ ಉಂಟು! ಎಲೆಯ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಗುನ್‌ಪೇ ಯೊಕೊಯಿ ಬಿಡುವಿನಲ್ಲಿ ತಮಾಷೆಗೆ ಮಾಡಿಕೊಂಡಿದ್ದ ಚಾಚುವ ಕೈಯನ್ನು ಯಜಮಾನರು ಕಂಡು, ಬೈಯುವ ಬದಲು ಮಾರಾಟಕ್ಕಿಡಿಸಿದರು. 1966ರ ಆ 'ಅಲ್ಟ್ರಾ ಹ್ಯಾಂಡ್' ಹತ್ತು ಲಕ್ಷಕ್ಕೂ ಮಿಕ್ಕಿ ಖರ್ಚಾಯಿತು. ಕೆಲಸದ ಹೊತ್ತಿನಲ್ಲಿ ಆಟವಾಡುವವರನ್ನು ಹೀಗೂ ನಡೆಸಿಕೊಳ್ಳಬಹುದೆಂದು ನಾವು ನೌಕರಿಯ ಮೂವತ್ತೈದು ವರ್ಷಗಳಲ್ಲಿ ಕಂಡಿರಲಿಲ್ಲ.

ಮಾರಿಯೋನ ಹುಟ್ಟೂ ಸ್ವಾರಸ್ಯವಾದುದು. ಶಿಗೆರು ಮಿಯಾಮೋಟೋ ಅವನನ್ನು 1981ರಲ್ಲಿ ಬರೆದಾಗ ಪರದೆಯ ಚುಕ್ಕಿಗಳು ಬಹು ಕಡಿಮೆ. ಬಾಯಿ ತೋರಿಸಲಾಗದೆ ಮೀಸೆ ಬಂತು, ಕೂದಲು ಬರೆಯಲಾಗದೆ ಟೊಪ್ಪಿಗೆ ಬಂತು. ಹೆಸರಾದರೋ ಅಮೆರಿಕದಲ್ಲಿ ಕಂಪನಿಗೆ ಉಗ್ರಾಣ ಬಾಡಿಗೆ ಕೊಟ್ಟಿದ್ದ ಮಾರಿಯೋ ಸೆಗಾಲೆ ಎಂಬ ಮಾಲಿಕರದು. ಮುಂಬಯಿಯಲ್ಲಿ ಬಾಡಿಗೆಯಿದ್ದ ನಾವು ಮನೆಯ ಮಾಲಿಕರ ಹೆಸರನ್ನು ಇಷ್ಟು ಪ್ರೀತಿಯಿಂದ ಬಳಸಿದ ನೆನಪಿಲ್ಲ.

ಎದುರು ಪಕ್ಷದ ಸೇಗಾದ ಬೇರು ಬೇರೆ ಕಡೆಯದು. ಅಮೆರಿಕದ ಸೈನಿಕ ಶಿಬಿರಗಳಿಗೆ ಕಾಸು ಹಾಕುವ ಯಂತ್ರಗಳನ್ನು ಒದಗಿಸುತ್ತಿದ್ದ 'ಸರ್ವಿಸ್ ಗೇಮ್ಸ್' ಎಂಬ ಹೆಸರಿನ ಮೊದಲಕ್ಷರಗಳೇ ಕೂಡಿ ಸೇಗಾ ಆಯಿತು. ಜಪಾನಿನಲ್ಲಿ ನೆಲಸಿದ್ದ ಡೇವಿಡ್ ರೋಸೆನ್ ಎಂಬ ಅಮೆರಿಕದವರ ವ್ಯಾಪಾರ 1965ರಲ್ಲಿ ಅದರೊಡನೆ ಬೆರೆಯಿತು. ನಿಂಟೆಂಡೋದ ಫ್ಯಾಮಿಕಾಮ್, ಸೇಗಾದ ಮೊದಲ ಮನೆಯಂತ್ರ ಇವೆರಡೂ ಪೇಟೆಗೆ ಬಂದದ್ದು ಒಂದೇ ದಿನ, 1983ರ ಜುಲೈ 15. ಮಾರಿಯೋನಿಗೆ ಸವಾಲಾಗಿ 1991ರಲ್ಲಿ ಸೋನಿಕ್ ಬಂದ. ಕಂಪನಿಯ ಲಾಂಛನದ ನೀಲಿಯೇ ಅವನ ಮೈಬಣ್ಣ. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟರುಗಳ ಮುಂದೆಯೇ ಎರಡು ಕಂಪನಿಗಳ ಅಧಿಕಾರಿಗಳು ಒಬ್ಬರನ್ನೊಬ್ಬರು ದೂರಿಕೊಂಡರು. ನಮ್ಮ ಡೊಂಬಿವಲಿಯ ಜಗಳವೂ ಅದೇ ಕಾಲದ್ದು.

ಕೆಳಗಿನಂತಸ್ತಿನಲ್ಲಿ ಆಟ. ಟಿಕೇಟಿಗೆ ಹತ್ತು ನಾಣ್ಯ ಲೆಕ್ಕ ಕೊಟ್ಟಿರುತ್ತಾರೆ, ಅದರಲ್ಲೇ ಹೊಂದಿಸಿಕೊಳ್ಳಬೇಕು. ಮಂಚದಷ್ಟು ದೊಡ್ಡದಾದ ಆಟದ ಹಿಡಿ ಒಂದುಂಟು. ಅದನ್ನು ಇಬ್ಬರು ಕೂಡಿಯೇ ಆಡಬೇಕು: ಒಬ್ಬರು ನಡೆಸಬೇಕು, ಇನ್ನೊಬ್ಬರು ಜಿಗಿಸಬೇಕು. ನಮ್ಮ ಮನೆಯವರು ನಡೆಸಿದರು, ನಾವು ಜಿಗಿಸಿದೆವು. ಮೊದಲನೆಯ ಅಣಬೆಗೇ ಡಿಕ್ಕಿ ಹೊಡೆದು ಮಾರಿಯೋ ಸತ್ತ. ಎರಡನೆಯ ಸಲವೂ ಸತ್ತ. "ನಾನು ಹೇಳಿದಾಗ ಜಿಗೀರಿ, ನಿಮಗ ತಿಳಿದಾಗ ಅಲ್ಲ" ಎಂದು ಗದರಿಸಿಕೊಂಡೆವು. ಚಿಕ್ಕವ ಫೋನಿನಲ್ಲಿ ಚಿತ್ರ ತೆಗೆಯುತ್ತ ನಗುತ್ತಿದ್ದ. ತಾಯಿ ಅವನನ್ನು ಕರೆದಳು.

"ನಾ ಸೇಗಾದವ, ಅವ್ವಾ. ಇದು ಅಣ್ಣನ ಆಟ" ಎಂದ.

ಐದು ವರ್ಷಗಳ ಮೇಲೆ ಅವನ ಬಾಯಲ್ಲಿ 'ಅಣ್ಣ' ಎಂಬ ಶಬ್ದ ಕೇಳಿದೆವು.

ಮೂರು ದಿನದ ಮೇಲೆ ಟೋಕಿಯೋದಲ್ಲಿ ತನ್ನ ಪಕ್ಷದ ಊರು ತೋರಿಸುವೆನೆಂದು ಅಕಿಹಬಾರಾಕ್ಕೆ ಕರೆದುಕೊಂಡು ಹೋದ. ಅಲ್ಲಿ ಸೇಗಾ ಎಂದು ಬರೆದ ಆಟದ ಮಳಿಗೆಗಳು ಹೆಸರುವಾಸಿಯಾಗಿದ್ದವು. ಕಂಪನಿ ಆ ವ್ಯಾಪಾರವನ್ನು ಬೇರೆಯವರಿಗೆ ಮಾರಿ, 2022ರಿಂದ ಮಳಿಗೆಗಳ ಮೇಲೆ 'ಗಿಗೊ' ಎಂಬ ಕೆಂಪು ಹಲಗೆ ಬಂದಿದೆ. ಅದರ ಕೆಳಗೆ ನಿಂತು ಅವನೇ ಉಳಿದ ಕಥೆ ಹೇಳಿದ. 2001ರ ಜನವರಿಯಲ್ಲಿ ಸೇಗಾ ಮನೆಯಂತ್ರಗಳನ್ನು ನಿಲ್ಲಿಸುವುದಾಗಿ ಸಾರಿತು. ಸಾವಿನ ಅಂಚಿನಲ್ಲಿದ್ದ ಯಜಮಾನ ಇಸಾವೋ ಓಕಾವಾ ಕಂಪನಿಗೆ ಕೊಟ್ಟಿದ್ದ ಸಾಲವನ್ನು ಮನ್ನಾ ಮಾಡಿ, ತಮ್ಮ ಷೇರುಗಳನ್ನೂ ಅದಕ್ಕೇ ಬಿಟ್ಟು ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಗೆ ಸೋನಿಕ್ ನಿಂಟೆಂಡೋದ ಯಂತ್ರದ ಮೇಲೆಯೇ ಓಡತೊಡಗಿದ. 2007ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಆಟದಲ್ಲಿ ಮಾರಿಯೋ, ಸೋನಿಕ್ ಇಬ್ಬರೂ ಜೊತೆಯಾಗಿ ಬಂದರು.

"ನೀವು ಹದಿಮೂರು ವರ್ಷ ಮೊದಲ ಬರದಿದ್ರಿ" ಎಂದು ತಾಯಿ ಚೀಲದಿಂದ ನೋಟುಬುಕ್ಕು ತೆಗೆದಳು. ರಸ್ತೆಯ ಅಂಚಿನಲ್ಲೇ ನಿಂತು ಅವನು ಒಂದೊಂದೇ ಹಾಳೆ ತಿರುವಿದ. ಕಲ್ಯಾಣ ಲೋಕಲ್ಲಿನ ಬಾಗಿಲಿಗೆ ಜೋತುಬಿದ್ದ ಸೋನಿಕ್ಕನನ್ನು ಮಾರಿಯೋ ತೋಳು ಹಿಡಿದು ಒಳಗೆಳೆಯುವ ಪುಟದಲ್ಲಿ ಬಹಳ ಹೊತ್ತು ನಿಂತ.

ಅಂದು ರಾತ್ರಿ ನಮ್ಮ ಮನೆಯವರು ಉಜಿಯ ಚಿತ್ರವನ್ನು ಪುಣೆಗೆ ಕಳಿಸಿದರು. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಜಿಗಿಯೋ ಗುಂಡಿ ಅಪ್ಪಾರ ಕೈಯಾಗ ಯಾರು ಕೊಟ್ರು?" ತಾಯಿಯ ಫೋನು ಕಸಿದುಕೊಂಡು ಚಿಕ್ಕವ, "ನಾನ ಕೊಟ್ಟೆ, ತಪ್ಪಾತು" ಎಂದು ಬರೆದ. ಬರೆದದ್ದು ಯಾರೆಂದು ಅಲ್ಲಿ ತಿಳಿದಿರಬೇಕು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಫೋನು ಗಂಟೆ ಬಾರಿಸಿತು. ಅವನು ಅದನ್ನು ಹಿಡಿದುಕೊಂಡು ಗ್ಯಾಲರಿಗೆ ಹೋಗಿ ಬಾಗಿಲೆಳೆದುಕೊಂಡ. ನಾವು ಒಳಗೆ ಕುಳಿತು ಉಜಿಯಿಂದ ತಂದ ಚಹ ಕಾಸಿದೆವು. ಹಾಲಿಲ್ಲದ ಹಸಿರು ಚಹ, ನಮಗೇನೂ ರುಚಿಸಲಿಲ್ಲ.

ನೋಟುಬುಕ್ಕನ್ನು ಅವನು ಹಿಂದಕ್ಕೆ ಕೊಡಲಿಲ್ಲ. ದೀಪಾವಳಿಗೆ ಪುಣೆಗೆ ತಾನೇ ತರುತ್ತಾನಂತೆ.