ಪುಟಕ್ಕೊಂದು ಹೆಸರು

ಬೇಲೆಕೇರಿಯ ಬಂದರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿಯಿತ್ತು. ಮಳೆಗಾಲದಲ್ಲಿ ದೋಣಿಗಳು ದಡಕ್ಕೇರಿದವೆಂದರೆ ಮೀನುಗಾರರ ಮನೆಗಳಿಗೆ ಅಕ್ಕಿ, ಎಣ್ಣೆ, ಬೆಲ್ಲ ಎಲ್ಲವೂ ಉದ್ರಿ. ಆ ಉದ್ರಿಯ ಖಾತೆಪುಸ್ತಕವನ್ನು ಅಪ್ಪ ಹೆಸರಿನ ಅಕಾರಾದಿಯಲ್ಲಿ ಬರೆಯುತ್ತಿದ್ದ. ಮೊದಲ ಹಾಳೆಯಲ್ಲಿ ಪಟ್ಟಿ: ಪ್ರತಿ ಪುಟದ ಮೊದಲ ಹೆಸರು ಮಾತ್ರ, ಎದುರಿಗೆ ಪುಟದ ಸಂಖ್ಯೆ. ಎಲ್ಲರ ಹೆಸರನ್ನೂ ಯಾಕೆ ಬರೆಯುವುದಿಲ್ಲ ಎಂದು ಕೇಳಿದ್ದೆ. “ಹಾಗಾದರೆ ಪಟ್ಟಿ ಹುಡುಕಲಿಕ್ಕೇ ಇನ್ನೊಂದು ಪಟ್ಟಿ ಬೇಕಾಗ್ತದೆ ಮಾರಾಯ” ಎಂದು ನಕ್ಕಿದ್ದ.

ಮೊನ್ನೆ ಕಂಪ್ಯೂಟರ್ ಓದುತ್ತಿರುವ ತಂಗಿಯ ಮಗಳು, “ಮಾವ, ಈ ಸ್ಪಾರ್ಸ್ ಇಂಡೆಕ್ಸಿನ ಲೆಕ್ಕ ತಲೆಗೆ ಹತ್ತುತ್ತಿಲ್ಲ” ಎಂದಾಗ ಆ ನಗು ನೆನಪಾಯಿತು. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದಾರಲ್ಲ, ಅದನ್ನೇ ಹಿಡಿದು ಕೂತೆವು. ಅಳತೆಗಳು ಮಾತ್ರ ನಮ್ಮ ಊಹೆಯವು.

ಒಂದು ಪಹಣಿಗೆ 400 ಬೈಟ್, ಒಂದು ಬ್ಲಾಕಿಗೆ 4096 ಬೈಟ್ ಎಂದುಕೊಳ್ಳೋಣ. ಬ್ಲಾಕೆಂದರೆ ಅಪ್ಪನ ಪುಟವಿದ್ದಂತೆ. ಡಿಸ್ಕು ಓದುವುದು ಇಡೀ ಪುಟವನ್ನೇ. ಪಹಣಿಯನ್ನು ಎರಡು ಪುಟಕ್ಕೆ ಹರಿಯದೆ ಬರೆದರೆ ಪುಟಕ್ಕೆ 10. ಒಟ್ಟು 20 ಲಕ್ಷ ಬ್ಲಾಕು. ಪಟ್ಟಿಯ ಒಂದು ಸಾಲಿಗೆ, ಗುರುತಿಗೆ 12, ವಿಳಾಸಕ್ಕೆ 8, ಒಟ್ಟು 20 ಬೈಟ್. ಬ್ಲಾಕಿಗೆ 204 ಸಾಲು. ಪುಟಕ್ಕೊಂದೇ ಸಾಲಾದ್ದರಿಂದ 20 ಲಕ್ಷವನ್ನು 204ರಿಂದ ಭಾಗಿಸಿದರೆ ಮೊದಲ ಪಟ್ಟಿಗೆ 9804 ಬ್ಲಾಕು. ಆ ಪಟ್ಟಿಗೊಂದು ಪಟ್ಟಿ: 9804 ಭಾಗಿಸು 204, ನಲವತ್ತೆಂಟು ಚಿಲ್ಲರೆ.

ಹುಡುಗಿ 48 ಎಂದು ಬರೆದಳು. “ಉಳಿದ 12 ಸಾಲುಗಳು ಎಲ್ಲಿಗೆ ಹೋಗಬೇಕು?” ಎಂದೆ. ತಿದ್ದಿ 49 ಮಾಡಿದಳು. ಅದರ ಮೇಲೆ ಒಂದೇ ಬ್ಲಾಕು. ಒಟ್ಟು 9854. ಮೂರು ಪಟ್ಟಿ ಓದಿ, ನಾಲ್ಕನೆಯ ಓದಿಗೆ ಪಹಣಿ ಕೈಗೆ. ಪ್ರತಿ ಪಹಣಿಗೂ ಒಂದೊಂದು ಸಾಲು ಬರೆದಿದ್ದರೆ ಮೊದಲ ಪಟ್ಟಿಯೇ 98,040 ಬ್ಲಾಕು ನುಂಗುತ್ತಿತ್ತು.

“ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದಾಖಲೆಯೇ ಇಲ್ಲವಾ, ಮಾವ?” ಎಂದು ಕೇಳಿದಳು. ನಾನು ತುಸು ಹೊತ್ತು ಸುಮ್ಮನಾದೆ.

ಅಪ್ಪ ತೀರಿಕೊಂಡ ಮರುವರ್ಷ ಒಬ್ಬ ಹೆಂಗಸು ಅಂಗಡಿಗೆ ಬಂದಿದ್ದಳು. “ನಮ್ಮವರು ಸಾಯೂ ಮೊದಲೇ ಉದ್ರಿ ತೀರಿಸಿದ್ದೆ ಅಂದಿದ್ರು. ಪುಸ್ತಕ ನೋಡು ತಮ್ಮಾ.” ಪಟ್ಟಿ ತೋರಿಸಿದ ಪುಟ ತೆಗೆದೆ. ಸಾಲ ಇತ್ತು, ಜಮಾ ಇರಲಿಲ್ಲ. ಹಾಗೆಂದು ಹೇಳಿದೆ. ವಾದ ಮಾಡದೆ, ಎರಡು ವರ್ಷ ಮೀನು ಮಾರಿ, ಸೆರಗಿನ ಗಂಟು ಬಿಚ್ಚಿ ಅಷ್ಟನ್ನೂ ಕೊಟ್ಟಳು.

ಎಷ್ಟೋ ವರ್ಷದ ಮೇಲೆ ಅಂಗಡಿ ಮುಚ್ಚುವಾಗ ಪುಸ್ತಕ ತಿರುವಿದೆ. ಆ ಪುಟ ತುಂಬಿದ್ದರಿಂದ ಅಪ್ಪ ಅವಳ ಗಂಡನ ಜಮೆಯನ್ನು ಕೊನೆಯ ಹಾಳೆಗಳಲ್ಲಿ ಬರೆದಿದ್ದ. ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ‘ಹಿಂದೆ ನೋಡು’ ಎಂದೂ ಬರೆದಿದ್ದ. ನಾನು ನೋಡಿರಲಿಲ್ಲ.

ಹಣ ಹಿಡಿದು ಹೋದಾಗ ಆಕೆ ಬದುಕಿರಲಿಲ್ಲ. ಮಗನ ಕೈಗೆ ಕೊಟ್ಟೆ. ಅವನು ಎಣಿಸಲಿಲ್ಲ, ಏನೂ ಅನ್ನಲೂ ಇಲ್ಲ.

“ಪಟ್ಟಿ ಪುಟ ತೋರಿಸ್ತದೆ ಅಷ್ಟೆ. ಇದೆಯೋ ಇಲ್ಲವೋ ಎನ್ನಲಿಕ್ಕೆ ಆ ಪುಟವನ್ನೂ, ಅದು ತುಂಬಿದ್ದರೆ ಹೆಚ್ಚುವರಿ ಪುಟವನ್ನೂ ಓದಲೇಬೇಕು” ಎಂದೆ. ಹುಡುಗಿ 9854ರ ಕೆಳಗೆ ಸಣ್ಣದಾಗಿ ಬರೆದುಕೊಂಡಳು: ಹೆಚ್ಚುವರಿ ಬ್ಲಾಕುಗಳು ಈ ಲೆಕ್ಕದಲ್ಲಿ ಸೇರಿಲ್ಲ.