ಜಗಳ ಒಲ್ಲದ ಡ್ರ್ಯಾಗನ್

ಡ್ರ್ಯಾಗನ್ ಎಂದರೆ ಬೆಂಕಿ ಉಗುಳಬೇಕು, ಊರು ಸುಡಬೇಕು, ರಾಜಕುಮಾರಿಯನ್ನು ಹೊತ್ತೊಯ್ಯಬೇಕು. ನನಗೆ ಇಷ್ಟವಾದ ಡ್ರ್ಯಾಗನ್ ಇದ್ಯಾವುದನ್ನೂ ಮಾಡುವುದಿಲ್ಲ. ಗುಹೆಯ ಮುಂದಿನ ಹುಲ್ಲಿನ ಮೇಲೆ ಮೈಚಾಚಿ, ಸುತ್ತಲಿನ ನೋಟ ಸವಿಯುತ್ತಾ, ಬೆಕ್ಕಿನಂತೆ ಗುರುಗುರು ಎನ್ನುತ್ತಾ ಮಲಗಿರುತ್ತದೆ. ಮನಸ್ಸು ಬಂದಾಗ ಪದ್ಯ ಕಟ್ಟುತ್ತದೆ!

ಈ ಡ್ರ್ಯಾಗನ್ನನ್ನು ಸೃಷ್ಟಿಸಿದವರು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಕೆನೆತ್ ಗ್ರಹಾಂ. 1898ರಲ್ಲಿ ಬಂದ ‘ಡ್ರೀಮ್ ಡೇಸ್’ ಎಂಬ ಪುಸ್ತಕದಲ್ಲಿ ಈ ಕಥೆಯಿದೆ. ಹೆಸರು ‘ದಿ ರಿಲಕ್ಟೆಂಟ್ ಡ್ರ್ಯಾಗನ್’. 1941ರಲ್ಲಿ ಡಿಸ್ನಿಯವರು ಇದನ್ನು ತೆರೆಗೂ ತಂದರು.

ಇಂಗ್ಲೆಂಡಿನ ಹುಲ್ಲುಗುಡ್ಡವೊಂದರಲ್ಲಿ ಕುರಿ ಕಾಯುವವನು ಇದನ್ನು ಮೊದಲು ನೋಡಿದ. ನಾಲ್ಕು ಗಾಡಿಕುದುರೆಗಳಷ್ಟು ದೊಡ್ಡ ದೇಹ, ಮೈತುಂಬ ಹೊಳೆಯುವ ಹುರುಪೆ. ಅವನು ನಡುಗುತ್ತಾ ಮನೆಗೆ ಓಡಿಬಂದ. ಅವನ ಮಗನಿಗೆ ಪುಸ್ತಕದ ಹುಚ್ಚು. ‘ಡ್ರ್ಯಾಗನ್ ತಾನೆ?’ ಎಂದು ಹುಡುಗ ಸಂಜೆ ಮಾತಾಡಿಸಲು ಹೊರಟ. ಅವನನ್ನು ಕಂಡ ಡ್ರ್ಯಾಗನ್ ಮೊದಲು ಹೇಳಿದ್ದೇನು ಗೊತ್ತೇ? ಕಲ್ಲು ಹೊಡೆಯಬೇಡ, ನೀರು ಎರಚಬೇಡ ಎಂದು!

ಏಳು ವರ್ಷದ ನನ್ನ ಮೊಮ್ಮಗಳು ಇಲ್ಲಿ ಕಥೆ ನಿಲ್ಲಿಸಿ ಕೇಳಿದಳು: “ಅಜ್ಜಾ, ಅಷ್ಟು ದೊಡ್ಡದಕ್ಕೂ ಹೆದರಿಕೆಯಾ?”

ಹೆದರಿಕೆ ಅಲ್ಲ ಪುಟ್ಟಿ, ಅದರ ಸ್ವಭಾವವೇ ಹಾಗೆ ಎಂದೆ. ಉಳಿದ ಡ್ರ್ಯಾಗನ್‌ಗಳೆಲ್ಲ ಕಾದಾಡುತ್ತಾ ತಿರುಗುವಾಗ ಇದು ಹೊತ್ತಿಗೆ ಸರಿಯಾಗಿ ಉಂಡು, ಏನೋ ಯೋಚಿಸುತ್ತಾ ಬಿದ್ದುಕೊಂಡಿರುತ್ತಿತ್ತು. ಜೀವಮಾನದಲ್ಲಿ ಒಂದು ಸಲವೂ ಜಗಳವಾಡಿದ್ದಲ್ಲ. ಆದರೆ ತನ್ನ ಪದ್ಯ ಕೇಳುವವರು ಸಿಕ್ಕರೆ ಅದರ ಮಾತು ಮುಗಿಯುವುದೇ ಇಲ್ಲ.

ಇಂಥ ಸ್ವಭಾವ ನನಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲಿ ಮನೆಗೆ ನೆಂಟರು ಬಂದರೆ ನಾನು ಬಾಗಿಲ ಹಿಂದೆ. “ಎಲ್ಲಿ, ಒಂದು ಹಾಡು ಹೇಳು” ಎಂದರೆ ಗಂಟಲು ಕಟ್ಟಿಬಿಡುತ್ತಿತ್ತು. “ಇವನಿಗೆ ಬಾಯೇ ಇಲ್ಲ” ಎಂದು ಎಲ್ಲರೂ ನಗುತ್ತಿದ್ದರು. ದೊಡ್ಡಪ್ಪ ಮಾತ್ರ ಏನೂ ಕೇಳದೆ ನನ್ನ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಬುಟ್ಟಿ ಖಾಲಿಯಾಗುವ ಹೊತ್ತಿಗೆ ನಾನು ಶಾಲೆಯ ಕಥೆಯನ್ನೆಲ್ಲ ಅವರಿಗೆ ಹೇಳಿ ಮುಗಿಸಿರುತ್ತಿದ್ದೆ.

ಡ್ರ್ಯಾಗನ್‌ಗೆ ಆ ಹುಡುಗ ಹಾಗೆಯೇ ಸಿಕ್ಕ. ಊರಿನವರು ಹಾಗಲ್ಲ. ಅದು ಯಾರಿಗೂ ತೊಂದರೆ ಕೊಡದಿದ್ದರೂ ಇಲ್ಲಸಲ್ಲದ ಕಥೆ ಕಟ್ಟಿದರು. ಡ್ರ್ಯಾಗನ್ ಕೊಲ್ಲುವುದರಲ್ಲಿ ಹೆಸರಾದ ವೀರ ಸಂತ ಜಾರ್ಜ್ ಊರಿಗೆ ಬಂದಾಗ ಹಬ್ಬದಂತೆ ಸಂಭ್ರಮಿಸಿದರು. ಅವರಿಗೆ ಬೇಕಾಗಿದ್ದದ್ದು ಒಂದು ಒಳ್ಳೆಯ ಕಾಳಗದ ನೋಟ, ಅಷ್ಟೆ.

ಹುಡುಗ ಜಾರ್ಜ್‌ಗೆ ನಿಜ ಹೇಳಿ, ಗುಡ್ಡಕ್ಕೆ ಕರೆದೊಯ್ದ. ಮೂವರೂ ಕೂತು ಸುಳ್ಳು ಕಾಳಗವೊಂದನ್ನು ಗೊತ್ತುಮಾಡಿದರು. ಈಟಿ ಎಲ್ಲಿ ಚುಚ್ಚಿದರೆ ನೋವಾಗದು ಎಂದೂ ಮೊದಲೇ ನೋಡಿಕೊಂಡರು. ಡ್ರ್ಯಾಗನ್‌ಗೆ ಇದ್ದ ಚಿಂತೆ ಒಂದೇ: ಕಚಗುಳಿಯಾಗಿ ನಡುವೆ ನಕ್ಕುಬಿಟ್ಟರೆ?

ಮರುದಿನ ಅದು ಮೈ ಮಿರಮಿರ ಹೊಳೆಯುವಂತೆ ಸಿದ್ಧವಾಗಿ ಬಂತು. ಗರ್ಜಿಸಿತು, ಕುಣಿಯಿತು. ನಮ್ಮ ಯಕ್ಷಗಾನದಲ್ಲಿ ರಂಗದ ಮೇಲೆ ಅಬ್ಬರಿಸಿದ ರಾಕ್ಷಸ ಆಮೇಲೆ ಚೌಕಿಯಲ್ಲಿ ದೇವೇಂದ್ರನ ಜೊತೆ ಕೂತು ಚಹಾ ಕುಡಿಯುವುದಿಲ್ಲವೇ, ಹಾಗೆ. ರಾತ್ರಿ ಔತಣದಲ್ಲಿ ಎಲ್ಲರನ್ನೂ ನಗಿಸಿದ್ದೂ ಅದೇ ಡ್ರ್ಯಾಗನ್!

ಗಮನಿಸಿ, ಕೊನೆಗೂ ಅದು ಜಗಳಗಂಟ ಆಗಲಿಲ್ಲ. ತನಗೆ ನೋವಾಗದು, ಪಕ್ಕದಲ್ಲಿ ನಮ್ಮವನೊಬ್ಬ ಇದ್ದಾನೆ ಎಂದು ತಿಳಿದ ಮೇಲೆ ತಾನಾಗಿ ಹೊರಗೆ ಬಂತು. ಬಾಗಿಲ ಹಿಂದೆ ನಿಲ್ಲುವ ಮಕ್ಕಳೂ ಹೀಗೆಯೇ. ಅಜ್ಜ-ಅಜ್ಜಿಯರಿಗೆ ಹೊತ್ತಿಗೇನು ಬರ? ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು.

ಮಕ್ಕಳೇ, ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲೂ ಮಾತಾಡದ ಒಬ್ಬರು ಇರಬಹುದು. ಊಟದ ಬಿಡುವಿನಲ್ಲಿ ಅವರ ಪಕ್ಕ ಡಬ್ಬಿ ಬಿಚ್ಚಿ ನೋಡಿ. ಯಾರಿಗೆ ಗೊತ್ತು, ಚೀಲದಲ್ಲಿ ಒಂದು ಪದ್ಯ ಇದ್ದರೂ ಇದ್ದೀತು!